ಉಲ್ಲೇಖಗಳ ಲೆಕ್ಕವನ್ನು ಸರಿಯಾಗಿ ಸಿದ್ಧಪಡಿಸುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ಅಧ್ಯಾಪಕ-ಸಂಶೋಧಕರಿಗೆ ಸಮಗ್ರ ಮಾರ್ಗದರ್ಶಿ

ಬಡ್ತಿಯ ಅರ್ಜಿಯಿರಲಿ, ಪಿಎಚ್.ಡಿ. ಮಾರ್ಗದರ್ಶಕರ ಮಾನ್ಯತೆಯಿರಲಿ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಭೇಟಿಗೆ ಕಡತ ಹೊಂದಿಸುವ ಕೆಲಸವಿರಲಿ, ನಮ್ಮ ಎರಡು ಜಿಲ್ಲೆಗಳ ಕಾಲೇಜುಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅರ್ಜಿಯಲ್ಲಿ ‘ಎಚ್-ಇಂಡೆಕ್ಸ್’ (ಪ್ರಬಂಧಗಳಿಗೆ ಬಂದ ಉಲ್ಲೇಖಗಳಿಂದ ಲೆಕ್ಕಹಾಕುವ ಸೂಚ್ಯಂಕ) ಎಂಬ ಕಾಲಂ ಕಂಡ ಕೂಡಲೇ ಅಧ್ಯಾಪಕರು ಗೂಗಲ್ ಸ್ಕಾಲರ್ ತೆರೆದು, ಬಲಬದಿಯಲ್ಲಿ ಕಂಡ ಅಂಕಿಯನ್ನು ಹಾಗೆಯೇ ಬರೆದುಬಿಡುತ್ತಾರೆ. ಪರಿಶೀಲನೆಗೆ ಕುಳಿತವರು ಆಯ್ದ ಜರ್ನಲ್‌ಗಳ ದತ್ತಸಂಚಯವಾದ ಸ್ಕೋಪಸ್ ತೆರೆದು ನೋಡಿದಾಗ ಅಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ. ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಅಂಕಿ ಯಾವ ಪಟ್ಟಿಯ ಮೇಲೆ ನಿಂತಿದೆ ಎಂಬುದನ್ನು ಯಾರೂ ಮೊದಲು ನೋಡಿಕೊಂಡಿಲ್ಲ, ಅಷ್ಟೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎಚ್-ಇಂಡೆಕ್ಸ್ ಐದನೆಯ ಹಂತಕ್ಕೆ ಬರುತ್ತದೆ. ಮೊದಲ ನಾಲ್ಕು ಹಂತಗಳನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹಾರಬಾರದೆಂದು ವಿನಂತಿ.

ಕೈಯಲ್ಲಿ ಇರಬೇಕಾದವು

ನಿಮ್ಮ ಪ್ರಬಂಧಗಳ ಪಿಡಿಎಫ್ ಪ್ರತಿಗಳು, ಒಂದು ಎಕ್ಸೆಲ್ ಹಾಳೆ, ಕಾಲೇಜಿನ ಡೊಮೇನ್ ಇರುವ ಇ-ಮೇಲ್ ವಿಳಾಸ ಮತ್ತು ಅಡಚಣೆಯಿಲ್ಲದ ಎರಡು ಸಂಜೆಗಳ ಬಿಡುವು ಬೇಕು. ಸ್ಕೋಪಸ್ ಮತ್ತು ಅಂಥದ್ದೇ ಇನ್ನೊಂದು ದತ್ತಸಂಚಯವಾದ ವೆಬ್ ಆಫ್ ಸೈನ್ಸ್‌ನ ಪೂರ್ಣ ಬಳಕೆಗೆ ಚಂದಾ ಅಗತ್ಯ. ನಿಮ್ಮ ಕಾಲೇಜಿಗೆ ಅದು ಇಲ್ಲದಿದ್ದರೂ ಎರಡರಲ್ಲಿಯೂ ಲೇಖಕರ ಪುಟವನ್ನು ಉಚಿತವಾಗಿ ನೋಡಿಕೊಳ್ಳಬಹುದು, ತಿದ್ದುಪಡಿಗೂ ಮನವಿ ಸಲ್ಲಿಸಬಹುದು. ಇದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ.

ಹಂತ 1: ಹೆಸರು ಮತ್ತು ವಿಳಾಸವನ್ನು ಒಂದೇ ರೂಪಕ್ಕೆ ತನ್ನಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತವಿದು, ಹೆಚ್ಚು ಜನ ಬಿಟ್ಟುಬಿಡುವ ಹಂತವೂ ಇದೇ. ನಮ್ಮಲ್ಲಿ ಇನಿಷಿಯಲ್ ಇಡುವ ಪದ್ಧತಿಯಿದೆ, ಕುಲನಾಮ ಎಲ್ಲರಿಗೂ ಇರುವುದಿಲ್ಲ. ದತ್ತಸಂಚಯಗಳು ಮಾತ್ರ ಪ್ರತಿಯೊಬ್ಬರಿಗೂ ಕುಲನಾಮ ಇದೆಯೆಂದೇ ನಂಬಿಕೊಂಡಿರುತ್ತವೆ. ವಿವರಣೆಗಾಗಿ ಮಂಜುನಾಥ ಎಚ್.ಎಸ್. ಎಂಬ ಹೆಸರನ್ನು ತೆಗೆದುಕೊಳ್ಳೋಣ. ಒಂದು ಜರ್ನಲ್ ಇದನ್ನು ‘ಎಚ್.ಎಸ್. ಮಂಜುನಾಥ್’ ಎಂದು ಅಚ್ಚು ಹಾಕುತ್ತದೆ, ಇನ್ನೊಂದು ‘ಮಂಜುನಾಥ ಎಚ್ ಎಸ್’ ಎನ್ನುತ್ತದೆ, ಮೂರನೆಯದು ಕೊನೆಯಲ್ಲಿ ಬಂದ ‘ಎಸ್’ ಅಕ್ಷರವನ್ನೇ ಕುಲನಾಮವೆಂದು ಬಗೆದು ‘ಎಸ್, ಮಂಜುನಾಥ ಎಚ್.’ ಎಂದು ದಾಖಲಿಸುತ್ತದೆ. ಇದರ ಜೊತೆಗೆ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ಎ’ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಒಬ್ಬರೇ ಅಧ್ಯಾಪಕರು ಸ್ಕೋಪಸ್‌ನಲ್ಲಿ ಮೂರು ನಾಲ್ಕು ಜನರಾಗಿ ಹಂಚಿಹೋಗುವುದು ಹೀಗೆ. ಮದುವೆಯ ನಂತರ ಇನಿಷಿಯಲ್ ಬದಲಿಸಿಕೊಂಡ ಅಧ್ಯಾಪಕಿಯರ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಊರಿನ ಹೆಸರಿನದೂ ಇದೇ ಕಥೆ. ಚಿಕ್ಕಮಗಳೂರಿನ ಅಧಿಕೃತ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತು. ಅದಕ್ಕೂ ಮೊದಲಿನ ಪ್ರಬಂಧಗಳಲ್ಲಿ ‘ಚಿಕ್‌ಮಗಳೂರ್’ ಎಂಬ ರೂಪದ ಎರಡು ಮೂರು ಬಗೆಯ ಕಾಗುಣಿತಗಳು ಸಿಗುತ್ತವೆ. ಹಾಸನದಲ್ಲಿ ಊರಿನ ಹೆಸರು ಬದಲಾಗದಿದ್ದರೂ ಸಂಸ್ಥೆಗಳ ಹೆಸರು ಬದಲಾಗಿದೆ: ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ ಮುಂದೆ ಹಾಸನ ವಿಶ್ವವಿದ್ಯಾಲಯವಾಯಿತು. ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಕಾಲೇಜಿನ ಹೆಸರನ್ನು ಬಿಟ್ಟು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂದಷ್ಟೇ ಬರೆದರೆ ಪ್ರಬಂಧವು ಅದರ ಕೇಂದ್ರವಾದ ಬೆಳಗಾವಿಯ ಲೆಕ್ಕಕ್ಕೆ ಹೋಗಿ ಸೇರುವ ಸಾಧ್ಯತೆಯಿದೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆಯವರು ‘ಎಐಟಿ’ ಎಂಬ ಮೂರಕ್ಷರಕ್ಕೆ ತೃಪ್ತಿಪಟ್ಟುಕೊಂಡರೆ, ಥಾಯ್ಲೆಂಡ್‌ನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಕ್ಷಿಪ್ತ ಹೆಸರೂ ಅದೇ ಎಂಬುದು ನೆನಪಿರಲಿ. ಸಂಕ್ಷಿಪ್ತ ರೂಪ ಕ್ಯಾಂಟೀನಿನ ಮಾತಿಗೆ ಸಾಕು, ಪ್ರಬಂಧದ ಮೊದಲ ಪುಟಕ್ಕೆ ಸಾಲದು.

ಈಗ ಮಾಡಬೇಕಾದುದು ಇಷ್ಟು. ಹಳೆಯ ಪ್ರಬಂಧಗಳ ಮೊದಲ ಪುಟಗಳನ್ನು ತೆರೆದು, ನಿಮ್ಮ ಹೆಸರು ಮತ್ತು ವಿಳಾಸ ಯಾವ ಯಾವ ರೂಪದಲ್ಲಿ ಅಚ್ಚಾಗಿದೆ ಎಂಬುದನ್ನು ಹಾಳೆಯ ಒಂದು ಕಾಲಂನಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ಬರವಣಿಗೆಗೆ ಒಂದೇ ರೂಪವನ್ನು ಗೊತ್ತುಮಾಡಿ. ಆಮೇಲೆ ಸಂಶೋಧಕರಿಗೆ ಕೊಡುವ ಆರ್ಕಿಡ್ (ORCID) ಗುರುತುಸಂಖ್ಯೆಯನ್ನು ಪಡೆಯಿರಿ. ಇದು 16 ಸ್ಥಾನಗಳ ಉಚಿತ ಸಂಖ್ಯೆ. ಕೊನೆಯ ಸ್ಥಾನದಲ್ಲಿ ‘ಎಕ್ಸ್’ ಅಕ್ಷರ ಬಂದರೆ ಗಾಬರಿಯಾಗಬೇಕಿಲ್ಲ, ಅದು ತಾಳೆ ನೋಡುವ ಅಂಕಿಯ ಬದಲಿಗೆ ಬರುವ ಅಕ್ಷರ. ಆರ್ಕಿಡ್ ಪುಟದಲ್ಲಿ ಇತರ ಹೆಸರುಗಳಿಗೆಂದೇ ಇರುವ ಜಾಗದಲ್ಲಿ ನೀವು ಬರೆದುಕೊಂಡ ಎಲ್ಲ ರೂಪಗಳನ್ನೂ ಸೇರಿಸಿ. ಈಗಾಗಲೇ ಒಂದು ಆರ್ಕಿಡ್ ಇದ್ದು ಮರೆತುಹೋಗಿದ್ದರೆ ಎರಡನೆಯದನ್ನು ಮಾಡಿಸಬೇಡಿ, ಹಳೆಯದನ್ನೇ ಹುಡುಕಿ.

ಹಂತ 2: ಮೂಲ ಪಟ್ಟಿಯನ್ನು ನೀವೇ ಬರೆಯಿರಿ

ದತ್ತಸಂಚಯ ತೋರಿಸುವ ಪಟ್ಟಿಯನ್ನು ನಕಲು ಮಾಡಿಕೊಳ್ಳದೆ, ನಿಮ್ಮಲ್ಲಿರುವ ಪಿಡಿಎಫ್‌ಗಳಿಂದಲೇ ಪಟ್ಟಿ ತಯಾರಿಸಿ. ಪ್ರತಿ ಪ್ರಬಂಧಕ್ಕೂ ಶೀರ್ಷಿಕೆ, ವರ್ಷ, ಜರ್ನಲ್, ಐಎಸ್‌ಎಸ್‌ಎನ್ (ಜರ್ನಲ್ಲಿನ ಗುರುತುಸಂಖ್ಯೆ), ಡಿಒಐ (ಪ್ರಬಂಧದ ಗುರುತುಸಂಖ್ಯೆ), ಒಟ್ಟು ಲೇಖಕರ ಸಂಖ್ಯೆ ಮತ್ತು ಅವರಲ್ಲಿ ನಿಮ್ಮ ಸ್ಥಾನ ಇವುಗಳಿಗೆ ಒಂದೊಂದು ಕಾಲಂ ಇರಲಿ. ಕೊನೆಯ ಎರಡು ಕಾಲಂಗಳನ್ನು ಅನಗತ್ಯವೆಂದು ಬಿಡುವವರಿದ್ದಾರೆ. ಏಳನೆಯ ಹಂತದಲ್ಲಿ ಅವೇ ಮುಖ್ಯವಾಗುತ್ತವೆ.

ಹಂತ 3: ಗೂಗಲ್ ಸ್ಕಾಲರ್ ಪುಟವನ್ನು ಶುಚಿಗೊಳಿಸಿ

ಪುಟವನ್ನು ತೆರೆಯುವಾಗ ಕಾಲೇಜಿನ ಇ-ಮೇಲ್ ಕೊಟ್ಟು ದೃಢೀಕರಿಸಿ. ಹೊಸ ಲೇಖನಗಳನ್ನು ತಾನಾಗಿಯೇ ಸೇರಿಸಲೇ ಅಥವಾ ನಿಮ್ಮ ಒಪ್ಪಿಗೆ ಕೇಳಲೇ ಎಂಬ ಆಯ್ಕೆ ಬಂದಾಗ ಒಪ್ಪಿಗೆ ಕೇಳುವಂತೆಯೇ ಹೊಂದಿಸಿ. ತಾನಾಗಿ ಸೇರಿಸಲು ಬಿಟ್ಟರೆ ನಿಮ್ಮದೇ ಹೆಸರಿನ ಬೇರೊಬ್ಬರ ಪ್ರಬಂಧಗಳು ಬಂದು ಕೂರುತ್ತವೆ. ಸಸ್ಯಶಾಸ್ತ್ರದ ಅಧ್ಯಾಪಕರ ಪುಟದಲ್ಲಿ ಹೃದ್ರೋಗದ ಲೇಖನ ಕಂಡರೆ ಪರಿಶೀಲಕರು ಅದನ್ನು ಯಂತ್ರದ ತಪ್ಪೆಂದು ಭಾವಿಸುವುದಿಲ್ಲ, ನಿಮ್ಮ ಪ್ರಾಮಾಣಿಕತೆಯನ್ನೇ ಶಂಕಿಸುತ್ತಾರೆ.

ನಂತರ ಒಂದೇ ಪ್ರಬಂಧ ಎರಡು ಸಾಲುಗಳಾಗಿ ಒಡೆದಿದೆಯೇ ಎಂದು ನೋಡಿ. ಒಡೆದಿದ್ದರೆ ಎರಡನ್ನೂ ಗುರುತುಹಾಕಿ ‘ಮರ್ಜ್’ ಒತ್ತಿರಿ. ಉಲ್ಲೇಖದ ಅಂಕಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಕಂಡರೆ, ವಿಲೀನಗೊಂಡ ಉಲ್ಲೇಖಗಳಲ್ಲಿ ಕೆಲವು ಆ ಪ್ರಬಂಧಕ್ಕೆ ಸೇರದಿರಬಹುದು ಎಂದರ್ಥ. ಅಂಥ ಸಾಲನ್ನು ತೆರೆದು ಪರೀಕ್ಷಿಸಿ. ಬೇರೆ ಬೇರೆ ಪ್ರಬಂಧಗಳನ್ನು ಬೇಕೆಂದೇ ಒಂದುಗೂಡಿಸಿ ಅಂಕಿ ಏರಿಸುವ ಜಾಣತನವನ್ನು ಕೆಲವರು ತೋರುತ್ತಾರೆ. ಆ ನಕ್ಷತ್ರವೇ ಅವರನ್ನು ಹಿಡಿದುಕೊಡುತ್ತದೆ.

ಗೂಗಲ್ ಸ್ಕಾಲರ್ ವಿದ್ಯಾರ್ಥಿಗಳ ಪ್ರಬಂಧ, ಪೂರ್ವಮುದ್ರಣ, ವಿಚಾರ ಸಂಕಿರಣದ ಸಂಪುಟ, ಪುಸ್ತಕ ಎಲ್ಲವನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿನ ಅಂಕಿ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ದೊಡ್ಡದಾಗಿರುವುದು ತಪ್ಪಲ್ಲ, ಮೂಲವನ್ನು ಹೇಳದೆ ಬರೆಯುವುದು ತಪ್ಪು.

ಹಂತ 4: ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನಲ್ಲಿ ಚದುರಿದ ಪುಟಗಳನ್ನು ಕೂಡಿಸಿ

ಸ್ಕೋಪಸ್‌ನ ಲೇಖಕರ ಹುಡುಕಾಟದಲ್ಲಿ ಮೊದಲ ಹಂತದಲ್ಲಿ ಬರೆದುಕೊಂಡ ಹೆಸರಿನ ಪ್ರತಿಯೊಂದು ರೂಪವನ್ನೂ ಹಾಕಿ ನೋಡಿ. ಒಂದಕ್ಕಿಂತ ಹೆಚ್ಚು ಪುಟ ಸಿಕ್ಕರೆ ಅವುಗಳನ್ನು ಗುರುತುಹಾಕಿ ಒಂದುಗೂಡಿಸಲು ಮನವಿ ಸಲ್ಲಿಸಿ. ನಿಮ್ಮದಲ್ಲದ ಪ್ರಬಂಧವಿದ್ದರೆ ಅದೇ ಮನವಿಯಲ್ಲಿ ತೆಗೆಸಿ. ತಿದ್ದುಪಡಿ ಆಗಲು ವಾರಗಳು ಹಿಡಿಯಬಹುದು. ಅರ್ಜಿಯ ಕೊನೆಯ ದಿನಾಂಕದ ಹಿಂದಿನ ಸಂಜೆ ಈ ಕೆಲಸಕ್ಕೆ ಕೂರುವುದರಿಂದ ಪ್ರಯೋಜನವಿಲ್ಲ. ಕೆಲಸ ಮುಗಿದ ಮೇಲೆ ಸ್ಕೋಪಸ್ ಪುಟವನ್ನು ಆರ್ಕಿಡ್‌ಗೆ ಜೋಡಿಸಿ. ವೆಬ್ ಆಫ್ ಸೈನ್ಸ್‌ನಲ್ಲಿಯೂ ಕ್ರಮ ಇದೇ. ಇನ್‌ಫ್ಲಿಬ್‌ನೆಟ್ ನಡೆಸುವ ಸಂಶೋಧಕರ ದತ್ತಸಂಚಯ ‘ವಿದ್ವಾನ್’ನಲ್ಲಿ ನಿಮ್ಮ ಪುಟವಿದ್ದರೆ ಅಲ್ಲಿಗೂ ಇದೇ ಆರ್ಕಿಡ್ ಸಂಖ್ಯೆಯನ್ನು ಕೊಡಿ.

ಕನ್ನಡ, ಇತಿಹಾಸ, ಜಾನಪದ ವಿಭಾಗದವರಿಗೆ ಇಲ್ಲಿ ಒಂದು ಮಾತು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಬಗ್ಗೆ ನೀವು ಕನ್ನಡದಲ್ಲಿ ಎಷ್ಟೇ ಮೌಲಿಕವಾದ ಲೇಖನ ಬರೆದಿದ್ದರೂ, ಅದನ್ನು ನಾಡಿನ ವಿದ್ವಾಂಸರು ಎಷ್ಟು ಬಾರಿ ಉಲ್ಲೇಖಿಸಿದ್ದರೂ, ಸ್ಕೋಪಸ್‌ನಲ್ಲಿ ಅದರ ಲೆಕ್ಕ ಸೊನ್ನೆಯಾಗಿರುವುದೇ ಹೆಚ್ಚು. ಕನ್ನಡದ ಪತ್ರಿಕೆಗಳೂ ಪುಸ್ತಕಗಳೂ ಆ ದತ್ತಸಂಚಯದಲ್ಲಿ ಬಹುಮಟ್ಟಿಗೆ ಇಲ್ಲ ಎಂಬುದಷ್ಟೇ ಇದಕ್ಕೆ ಕಾರಣ. ಸೊನ್ನೆಯನ್ನು ಮುಚ್ಚಲು ಗೊತ್ತಿಲ್ಲದ ಯಾವುದೋ ಇಂಗ್ಲಿಷ್ ಜರ್ನಲ್ಲಿಗೆ ದುಡ್ಡು ಕಟ್ಟುವ ಬದಲು, ನಿಮ್ಮ ಕೃತಿಯನ್ನು ಉಲ್ಲೇಖಿಸಿದ ಗ್ರಂಥಗಳ ಪುಟಸಂಖ್ಯೆ ಸಮೇತ ಒಂದು ಅನುಬಂಧ ತಯಾರಿಸಿ ಅರ್ಜಿಗೆ ಲಗತ್ತಿಸಿ.

ಹಂತ 5: ಎಚ್-ಇಂಡೆಕ್ಸ್ ಅನ್ನು ಕೈಯಾರೆ ಲೆಕ್ಕಹಾಕಿ

ಈ ಸೂಚ್ಯಂಕವನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟರು. ಲೆಕ್ಕ ಸರಳ: ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಬರೆಯಿರಿ, ಕ್ರಮಸಂಖ್ಯೆಗಿಂತ ಉಲ್ಲೇಖ ಕಡಿಮೆಯಾಗುವ ಸಾಲು ಬಂದಾಗ ನಿಲ್ಲಿ. ಅದರ ಹಿಂದಿನ ಸಾಲಿನ ಕ್ರಮಸಂಖ್ಯೆಯೇ ನಿಮ್ಮ ಎಚ್-ಇಂಡೆಕ್ಸ್.

ಒಬ್ಬರ ಹತ್ತು ಪ್ರಬಂಧಗಳಿಗೆ ಸ್ಕಾಲರ್‌ನಲ್ಲಿ 41, 23, 12, 9, 7, 6, 6, 3, 1, 0 ಉಲ್ಲೇಖಗಳಿವೆ ಎಂದುಕೊಳ್ಳೋಣ. ಆರನೆಯ ಸಾಲಿನಲ್ಲಿ 6 ಇದೆ, ಸಾಕು. ಏಳನೆಯ ಸಾಲಿನಲ್ಲಿಯೂ 6 ಇದೆ, ಆದರೆ ಅಲ್ಲಿ 7 ಬೇಕಿತ್ತು. ಆದ್ದರಿಂದ ಎಚ್-ಇಂಡೆಕ್ಸ್ 6. ಗೂಗಲ್ ತೋರಿಸುವ ಐ10-ಇಂಡೆಕ್ಸ್ ಎಂದರೆ ಕನಿಷ್ಠ 10 ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ, ಇಲ್ಲಿ ಅದು 3. ಮೂರನೆಯ ಹಂತವನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? 9 ಉಲ್ಲೇಖದ ಪ್ರಬಂಧ 5 ಮತ್ತು 4 ಎಂದೂ, 7ರದ್ದು 4 ಮತ್ತು 3 ಎಂದೂ ಒಡೆದಿದ್ದರೆ, ಇದೇ ವ್ಯಕ್ತಿಯ ಎಚ್-ಇಂಡೆಕ್ಸ್ 5ಕ್ಕೆ ಇಳಿಯುತ್ತಿತ್ತು.

ಈಗ ಇದೇ ವ್ಯಕ್ತಿಯ ಏಳು ಪ್ರಬಂಧಗಳು ಮಾತ್ರ ಸ್ಕೋಪಸ್‌ನಲ್ಲಿದ್ದು, ಅಲ್ಲಿ 27, 15, 8, 5, 4, 3, 1 ಉಲ್ಲೇಖಗಳಿದ್ದರೆ ಎಚ್-ಇಂಡೆಕ್ಸ್ 4. 6 ಸರಿಯೋ 4 ಸರಿಯೋ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಎರಡೂ ಸರಿ. ಅರ್ಜಿಯಲ್ಲಿ ಯಾವುದನ್ನು ಕೇಳಿದ್ದಾರೋ ಅದನ್ನು ಬರೆಯಿರಿ. ಏನನ್ನೂ ಸೂಚಿಸದಿದ್ದರೆ ಎರಡನ್ನೂ ಬರೆಯಿರಿ. ಒಟ್ಟು ಉಲ್ಲೇಖವನ್ನು ಸ್ಕಾಲರ್‌ನಿಂದಲೂ ಎಚ್-ಇಂಡೆಕ್ಸ್ ಅನ್ನು ಸ್ಕೋಪಸ್‌ನಿಂದಲೂ ತೆಗೆದು ಒಂದೇ ಸಾಲಿನಲ್ಲಿ ಬೆರೆಸುವುದನ್ನು ಮಾತ್ರ ಮಾಡಬೇಡಿ.

ಹಂತ 6: ಸ್ವ-ಉಲ್ಲೇಖವನ್ನು ಬೇರ್ಪಡಿಸಿ, ನಿಮ್ಮ ವಿಷಯಕ್ಕೆ ಹೋಲಿಸಿ

ತಮ್ಮ ಹಿಂದಿನ ಕೆಲಸವನ್ನು ತಾವೇ ಉಲ್ಲೇಖಿಸುವುದು ಸಹಜ. ಒಂದೇ ಬೆಳೆಯ ಒಂದೇ ಕೀಟದ ಮೇಲೆ ವರ್ಷಗಟ್ಟಲೆ ದುಡಿಯುವವರಿಗೆ, ಉದಾಹರಣೆಗೆ ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕದ ಅಧ್ಯಯನಕಾರರಿಗೆ, ಅದು ಅನಿವಾರ್ಯ ಕೂಡ. ಆದರೂ ಅದನ್ನು ಕಳೆದ ಅಂಕಿ ನಿಮ್ಮ ಬಳಿ ಇರಬೇಕು. ಮೇಲಿನ ಸ್ಕೋಪಸ್ ಪಟ್ಟಿಯಿಂದ ಸ್ವ-ಉಲ್ಲೇಖ ತೆಗೆದಾಗ 25, 14, 6, 3, 3, 2, 1 ಉಳಿಯಿತೆಂದರೆ ಎಚ್-ಇಂಡೆಕ್ಸ್ 4ರಿಂದ 3ಕ್ಕೆ ಬರುತ್ತದೆ. ಸಂದರ್ಶನದಲ್ಲಿ ಈ ಪ್ರಶ್ನೆ ಎದುರಾದಾಗ ತಡವರಿಸುವುದಕ್ಕಿಂತ ಮೊದಲೇ ಲೆಕ್ಕ ಮಾಡಿಟ್ಟುಕೊಂಡಿರುವುದು ಲೇಸು.

ಇನ್ನು ಹೋಲಿಕೆಯ ವಿಚಾರ. ಗಣಿತದಲ್ಲಿ ಉಲ್ಲೇಖಗಳು ನಿಧಾನವಾಗಿ, ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ವೈದ್ಯಕೀಯದಲ್ಲಿ ಬೇಗ ಬರುತ್ತವೆ, ರಾಶಿ ರಾಶಿಯಾಗಿಯೂ ಬರುತ್ತವೆ. ಈ ಎರಡು ವಿಭಾಗಗಳವರ ಎಚ್-ಇಂಡೆಕ್ಸ್ ಅನ್ನು ಒಂದೇ ಪಟ್ಟಿಯಲ್ಲಿ ಏರಿಸಿ ಇಳಿಸಿ ನೋಡುವುದು, ಕಾಫಿ ತೋಟದ ಇಳುವರಿಯನ್ನೂ ಭತ್ತದ ಗದ್ದೆಯ ಇಳುವರಿಯನ್ನೂ ಮೂಟೆ ಎಣಿಸಿ ಹೋಲಿಸಿದಂತೆ. ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ‘ಅತ್ಯುತ್ತಮ ಸಂಶೋಧಕ’ ಪ್ರಶಸ್ತಿಗೆ ಹೀಗೆಯೇ ಪಟ್ಟಿ ಮಾಡುವುದಿದ್ದರೆ ಅದನ್ನು ಅಲ್ಲಿಯೇ ಆಕ್ಷೇಪಿಸಿ.

ವಿಷಯದ ವ್ಯತ್ಯಾಸವನ್ನು ಸರಿದೂಗಿಸಲು ಸ್ಕೋಪಸ್‌ನಲ್ಲಿ ಎಫ್‌ಡಬ್ಲ್ಯುಸಿಐ ಎಂಬ ಅಳತೆಯಿದೆ. ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿಯನ್ನು ಅದು 1 ಎಂದು ಇಟ್ಟುಕೊಳ್ಳುತ್ತದೆ. ನಿಮ್ಮದು 1.4 ಬಂದರೆ ಸರಾಸರಿಗಿಂತ ಶೇಕಡಾ 40ರಷ್ಟು ಹೆಚ್ಚು ಉಲ್ಲೇಖ ಸಿಕ್ಕಿದೆ ಎಂದರ್ಥ. ಪ್ರಬಂಧಗಳು ಬೆರಳೆಣಿಕೆಯಷ್ಟಿದ್ದಾಗ ಒಂದೇ ಜನಪ್ರಿಯ ಲೇಖನ ಇದನ್ನು ಎತ್ತಿಬಿಡುತ್ತದೆ, ಹಾಗಾಗಿ ಪೂರ್ತಿ ನೆಚ್ಚಬೇಡಿ. ವೃತ್ತಿಯ ಅವಧಿಯನ್ನು ಸರಿದೂಗಿಸಲು ಹಿರ್ಷ್ ಅವರೇ ಸೂಚಿಸಿದ ದಾರಿಯೊಂದಿದೆ: ಎಚ್-ಇಂಡೆಕ್ಸ್ ಅನ್ನು ಮೊದಲ ಪ್ರಬಂಧದಿಂದ ಈಚೆಗೆ ಕಳೆದ ವರ್ಷಗಳಿಂದ ಭಾಗಿಸಿ. 12 ವರ್ಷಗಳಲ್ಲಿ 6 ಬಂದಿದ್ದರೆ 0.5.

ಹಂತ 7: ಜರ್ನಲ್ಲಿನ ಅಂಕಿಯನ್ನು ನಿಮ್ಮ ಅಂಕಿಯಿಂದ ದೂರವಿಡಿ

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್ಲಿನದು, ನಿಮ್ಮದಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಬರುತ್ತದೆ. ಜರ್ನಲ್ಲಿನ ಬಹುಪಾಲು ಉಲ್ಲೇಖಗಳನ್ನು ಕೆಲವೇ ಲೇಖನಗಳು ಗಳಿಸಿರುತ್ತವೆ, ಉಳಿದವು ಸರಾಸರಿಯ ನೆರಳಲ್ಲಿ ನಿಂತಿರುತ್ತವೆ. ತಮ್ಮ ಪ್ರಬಂಧಗಳ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಕೂಡಿಸಿ ‘ಒಟ್ಟು ಇಂಪ್ಯಾಕ್ಟ್ ಫ್ಯಾಕ್ಟರ್ 38’ ಎಂದು ಬರೆಯುವವರು ಈಗಲೂ ಇದ್ದಾರೆ. ಆ ಮೊತ್ತದಿಂದ ಏನೂ ತಿಳಿಯುವುದಿಲ್ಲ.

ಆದರೂ ಆಡಳಿತಕ್ಕೆ ಇದು ಬೇಕಾಗುತ್ತದೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಪ್ರಕಾರ, ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪರಿಶೀಲಿತ ಜರ್ನಲ್ಲಿನ ಪ್ರಬಂಧಕ್ಕೆ 5 ಅಂಕ, 1ಕ್ಕಿಂತ ಕಡಿಮೆಯಿದ್ದರೆ 10, 1ರಿಂದ 2ರವರೆಗೆ 15, 2ರಿಂದ 5ರವರೆಗೆ 20, 5ರಿಂದ 10ರವರೆಗೆ 25, ಅದಕ್ಕೂ ಮೇಲಾದರೆ 30. ಇಬ್ಬರು ಲೇಖಕರಿದ್ದರೆ ತಲಾ ಶೇಕಡಾ 70. ಇನ್ನೂ ಹೆಚ್ಚು ಮಂದಿಯಿದ್ದರೆ ಮೊದಲ, ಪ್ರಧಾನ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇಕಡಾ 70, ಉಳಿದವರಿಗೆ ತಲಾ ಶೇಕಡಾ 30. ಎರಡನೆಯ ಹಂತದಲ್ಲಿ ಲೇಖಕರ ಸಂಖ್ಯೆ, ಸ್ಥಾನ ಎರಡನ್ನೂ ಬರೆಸಿದ್ದು ಇದಕ್ಕಾಗಿಯೇ. ನಿಯಮಗಳು ಬದಲಾಗುತ್ತಿರುತ್ತವೆ: ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಯಿತು. ನಿಮ್ಮ ಅಧಿಸೂಚನೆ ಯಾವ ವರ್ಷದ ನಿಯಮವನ್ನು ಉಲ್ಲೇಖಿಸಿದೆಯೋ ಅದನ್ನೇ ಓದಿ ಲೆಕ್ಕಹಾಕಿ.

ನಕಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಗುರುತಿಸುವ ಸುಲಭ ಸುಳಿವೊಂದಿದೆ. ಅಸಲಿಯನ್ನು ಕ್ಲಾರಿವೇಟ್ ಸಂಸ್ಥೆ ಮಾತ್ರ ತನ್ನ ವಾರ್ಷಿಕ ವರದಿಯಲ್ಲಿ ಕೊಡುತ್ತದೆ, 2023ರಲ್ಲಿ ಹೊರಬಂದ ವರದಿಯಿಂದೀಚೆಗೆ ಅದು ದಶಮಾಂಶದ ನಂತರ ಒಂದೇ ಅಂಕಿಯಲ್ಲಿರುತ್ತದೆ. ಈ ವರ್ಷದ್ದೆಂದು ಹೇಳಿಕೊಂಡು ‘7.834’ ಎಂಬಂತೆ ಮೂರು ಅಂಕಿ ತೋರಿಸುವ ಜರ್ನಲ್ ಸಿಕ್ಕರೆ, ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಿ. ‘ಸ್ಕೋಪಸ್ ಇಂಡೆಕ್ಸ್ಡ್’ ಎಂಬ ಹೇಳಿಕೆಯನ್ನು ಜರ್ನಲ್ಲಿನ ಜಾಲತಾಣದಲ್ಲಿ ನೋಡಿ ನಂಬದೆ, ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ಐಎಸ್‌ಎಸ್‌ಎನ್ ಹಾಕಿ ಪರೀಕ್ಷಿಸಿ. ಸೇರ್ಪಡೆ ಯಾವ ವರ್ಷಕ್ಕೆ ನಿಂತಿದೆ ಎಂಬುದನ್ನೂ ನೋಡಿ, ಏಕೆಂದರೆ ಗುಣಮಟ್ಟ ಕುಸಿದ ಜರ್ನಲ್‌ಗಳನ್ನು ಸ್ಕೋಪಸ್ ಕೈಬಿಡುತ್ತಿರುತ್ತದೆ. ಒಳ್ಳೆಯ ಜರ್ನಲ್ಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಡೆಸುವ ತದ್ರೂಪಿ ತಾಣಗಳೂ ಇವೆ. ಹಣ ಕಟ್ಟುವ ಮುನ್ನ ಸ್ಕೋಪಸ್ ಪುಟದಲ್ಲಿರುವ ಪ್ರಕಾಶಕರ ಹೆಸರಿಗೂ ನಿಮಗೆ ಬಂದ ಇ-ಮೇಲ್‌ನ ವಿಳಾಸಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಹಂತ 8: ‘ಅಗ್ರ ಶೇಕಡಾ 2’ ಪಟ್ಟಿಯನ್ನು ಮೂಲದಲ್ಲಿಯೇ ಓದಿ

ವರ್ಷಕ್ಕೊಮ್ಮೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ವಿಶ್ವದ ಅಗ್ರ ಶೇಕಡಾ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ’ ಎಂಬ ಸುದ್ದಿ ಶಾಲು ಹೊದಿಸಿದ ಚಿತ್ರದೊಂದಿಗೆ ಬರುತ್ತದೆ. ಅದು ಪ್ರಶಸ್ತಿಯಲ್ಲ, ಅದಕ್ಕೆ ಅರ್ಜಿಯೂ ಇಲ್ಲ, ಶುಲ್ಕವೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಸಿದ್ಧಪಡಿಸುವ ಎಕ್ಸೆಲ್ ಕಡತಗಳಿವು. ಸ್ಕೋಪಸ್ ನಡೆಸುವ ಎಲ್ಸೆವಿಯರ್‌ನ ದತ್ತಾಂಶ ಭಂಡಾರದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಕಡತ ತೆರೆದ ಮೇಲೆ ಮೊದಲು ನೋಡಬೇಕಾದುದು ಅದು ಇಡೀ ವೃತ್ತಿಜೀವನದ ಕಡತವೋ ಒಂದೇ ವರ್ಷದ್ದೋ ಎಂಬುದನ್ನು. ಸುದ್ದಿಗಳಲ್ಲಿ ಈ ಭೇದ ಕಾಣುವುದು ಅಪರೂಪ. ಸ್ಥಾನ ನಿರ್ಧಾರವಾಗುವುದು ಆರು ಅಳತೆಗಳನ್ನು ಬೆರೆಸಿದ ಸಿ-ಸ್ಕೋರ್‌ನಿಂದ: ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ಇಳಿಸಿದ ಎಚ್‌ಎಂ-ಇಂಡೆಕ್ಸ್, ಒಬ್ಬರೇ ಬರೆದ ಪ್ರಬಂಧಗಳ ಉಲ್ಲೇಖ, ಒಬ್ಬರೇ ಅಥವಾ ಮೊದಲ ಲೇಖಕರಾಗಿ ಬರೆದವುಗಳ ಉಲ್ಲೇಖ, ಇವುಗಳ ಜೊತೆ ಕೊನೆಯ ಲೇಖಕರಾಗಿ ಬರೆದವನ್ನೂ ಸೇರಿಸಿದ ಉಲ್ಲೇಖ. ನೂರು ಜನರ ನಡುವೆ ನಲವತ್ತನೆಯವರಾಗಿ ಹೆಸರು ಸೇರಿಸಿಕೊಂಡರೆ ಒಟ್ಟು ಉಲ್ಲೇಖ ಬೆಳೆಯುತ್ತದೆ, ಕೊನೆಯ ಮೂರು ಅಳತೆಗಳು ಅಲ್ಲಾಡುವುದಿಲ್ಲ. ಸ್ವ-ಉಲ್ಲೇಖದ ಶೇಕಡಾವಾರು ಕೂಡ ಅದೇ ಸಾಲಿನಲ್ಲಿದೆ. ಸನ್ಮಾನ ಸಮಾರಂಭದ ಆಹ್ವಾನಪತ್ರ ಅಚ್ಚಿಗೆ ಹೋಗುವ ಮುಂಚೆ ಪ್ರಾಂಶುಪಾಲರು ಆ ಕಾಲಂ ಅನ್ನು ಒಮ್ಮೆ ನೋಡುವುದು ಒಳ್ಳೆಯದು.

ಅಪಾಯದ ಸೂಚನೆಗಳು

ಪಟ್ಟಿಯಲ್ಲಿ ಹೆಸರು ಸೇರಿಸಲು ಶುಲ್ಕ ಕೇಳುವ, ಪ್ರಮಾಣಪತ್ರ ಮಾರುವ ರ‍್ಯಾಂಕಿಂಗ್ ತಾಣಗಳಿಂದ ದೂರವಿರಿ. ಇಂತಿಷ್ಟು ರೂಪಾಯಿಗೆ ಇಂತಿಷ್ಟು ಉಲ್ಲೇಖ ಕೊಡಿಸುತ್ತೇವೆ, ಸಿದ್ಧವಾದ ಪ್ರಬಂಧಕ್ಕೆ ನಿಮ್ಮ ಹೆಸರು ಸೇರಿಸುತ್ತೇವೆ ಎಂದು ವಾಟ್ಸ್‌ಆ್ಯಪ್ ಸಂದೇಶ ಬಂದರೆ ಉತ್ತರಿಸಬೇಡಿ. ಅಂಥ ಪ್ರಬಂಧಗಳು ಮುಂದೆ ಹಿಂತೆಗೆತಕ್ಕೆ ಒಳಗಾಗುತ್ತವೆ, ಹಿಂತೆಗೆದ ಪ್ರಬಂಧದ ದಾಖಲೆ ಸಾರ್ವಜನಿಕವಾಗಿ ಉಳಿದುಬಿಡುತ್ತದೆ. ಪ್ರಬಂಧದ ವಿಷಯಕ್ಕೆ ಸಂಬಂಧವೇ ಇಲ್ಲದ ನಾಲ್ಕಾರು ಲೇಖನಗಳನ್ನು ಉಲ್ಲೇಖಿಸಿದರೆ ಮಾತ್ರ ಸ್ವೀಕರಿಸುತ್ತೇವೆ ಎಂದು ಸಂಪಾದಕರೋ ವಿಮರ್ಶಕರೋ ಹೇಳಿದರೆ, ಸಂಬಂಧವಿಲ್ಲವೆಂದು ಕಾರಣ ಸಹಿತ ಉತ್ತರ ಬರೆದು ನಿರಾಕರಿಸಿ, ಆ ಪತ್ರವ್ಯವಹಾರವನ್ನು ಉಳಿಸಿಕೊಳ್ಳಿ.

ಇತರರ ಪುಟವನ್ನು ಪರಿಶೀಲಿಸುವ ಸ್ಥಾನದಲ್ಲಿದ್ದರೆ ಈ ಲಕ್ಷಣಗಳನ್ನು ಗಮನಿಸಿ: ಉಲ್ಲೇಖಗಳ ನಕ್ಷೆ ಒಂದೇ ವರ್ಷದಲ್ಲಿ ಥಟ್ಟನೆ ಮೇಲೇರಿರುವುದು, ಬಹುಪಾಲು ಉಲ್ಲೇಖಗಳು ಒಂದೆರಡು ಜರ್ನಲ್‌ಗಳಿಂದ ಅಥವಾ ಒಂದೇ ಗುಂಪಿನಿಂದ ಬಂದಿರುವುದು, ಐದಾರು ದಿನಕ್ಕೊಂದರಂತೆ ಪ್ರಬಂಧ ಹೊರಬಂದಿರುವುದು. ಇವುಗಳಲ್ಲಿ ಯಾವ ಒಂದೂ ಅಪರಾಧದ ಸಾಕ್ಷ್ಯವಲ್ಲ. ಕಂಡಾಗ ಪ್ರಬಂಧಗಳನ್ನೇ ತೆರೆದು ಓದಬೇಕಾಗುತ್ತದೆ.

ಹಂತ 9: ಅರ್ಜಿಯಲ್ಲಿ ಬರೆಯುವ ಕ್ರಮ

ಬರಿಯ ಅಂಕಿಯನ್ನು ಎಂದಿಗೂ ಒಂಟಿಯಾಗಿ ಬರೆಯಬೇಡಿ. ಮೂಲ, ನೋಡಿದ ದಿನಾಂಕ, ಎಣಿಕೆಗೆ ಸೇರಿದ ಪ್ರಬಂಧಗಳ ಸಂಖ್ಯೆ, ಸ್ವ-ಉಲ್ಲೇಖ ಸೇರಿದೆಯೋ ಇಲ್ಲವೋ ಎಂಬ ನಾಲ್ಕು ವಿವರಗಳು ಜೊತೆಗಿರಲಿ. ಮೇಲಿನ ಉದಾಹರಣೆಯನ್ನು ಹೀಗೆ ಬರೆಯಬಹುದು: ‘ಸ್ಕೋಪಸ್, ನೋಡಿದ ದಿನಾಂಕ ಇಂಥದ್ದು: 7 ಪ್ರಬಂಧ, 63 ಉಲ್ಲೇಖ, ಎಚ್-ಇಂಡೆಕ್ಸ್ 4, ಸ್ವ-ಉಲ್ಲೇಖ ಹೊರತುಪಡಿಸಿ 3. ಗೂಗಲ್ ಸ್ಕಾಲರ್: 10 ಪ್ರಬಂಧ, 108 ಉಲ್ಲೇಖ, ಎಚ್-ಇಂಡೆಕ್ಸ್ 6, ಸ್ವ-ಉಲ್ಲೇಖ ಸೇರಿ.’ ಅದೇ ದಿನದ ಪರದೆಯ ಚಿತ್ರವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಲಗತ್ತಿಸಿ, ಏಕೆಂದರೆ ಸಮಿತಿ ಸೇರುವ ಹೊತ್ತಿಗೆ ಅಂಕಿ ಬದಲಾಗಿರುತ್ತದೆ. ಇದರ ಕೆಳಗೆ ನಿಮ್ಮ ಮೂರು ಮುಖ್ಯ ಪ್ರಬಂಧಗಳನ್ನು ಹೆಸರಿಸಿ, ಪ್ರತಿಯೊಂದರಲ್ಲಿ ನೀವು ಕಂಡುಕೊಂಡದ್ದೇನು, ಅದನ್ನು ಯಾರು ಯಾವುದಕ್ಕೆ ಬಳಸಿಕೊಂಡರು ಎಂಬುದನ್ನು ಎರಡೆರಡು ವಾಕ್ಯಗಳಲ್ಲಿ ಬರೆಯಿರಿ. ಕೇಳಿರದಿದ್ದರೂ ಬರೆಯಿರಿ. ಅಂಕಿಗಳ ಸಾಲು ನೋಡಿ ದಣಿದ ಸಮಿತಿಯವರು ಅದನ್ನು ಓದುತ್ತಾರೆ.

ಎಕ್ಸೆಲ್ ಹಾಳೆಯನ್ನು ಆರು ತಿಂಗಳಿಗೊಮ್ಮೆ ತೆರೆದು ಹೊಸ ಪ್ರಬಂಧ ಸೇರಿಸಿ, ಸ್ಕೋಪಸ್‌ನಲ್ಲಿ ಹೊಸ ಪುಟ ಹುಟ್ಟಿಕೊಂಡಿದೆಯೇ ಎಂದು ಹೆಸರಿನ ಎಲ್ಲ ರೂಪಗಳಿಂದಲೂ ಹುಡುಕಿ ನೋಡಿ.